ಎರಡು ಸೆಕೆಂಡ್ ಹಿಂದ

ಪಾಲಿನ ದಿನ ಕ್ಯಾಸೆಟ್ಟೆಲ್ಲಾ ಅಣ್ಣಗ ಹೋದವು,
ಆಂಪ್ಲಿಫಾಯರ್, ತೇಗದ ಎರಡು ಸ್ಪೀಕರ್ ನನಗ ಬಂದವು.
ಪಂಚರಿಗೆ ಅದು ಸಮ ಅನಿಸ್ತು.
ಅಪ್ಪನ ದನಿ ಆ ಕಡಿ, ದನಿ ಬರೋ ಬಾಯಿ ಈ ಕಡಿ,
ನಡುವ ಅಂಗಳದಾಗ ಎದಿಮಟ ಎದ್ದು, ಜಗಳ ಆದಂಗೆಲ್ಲ
ತಲಿ ದಾಟಿದ ಶಹಾಬಾದ ಕಲ್ಲಿನ ಗ್ವಾಡಿ.

ಹನ್ನೊಂದು ವರ್ಷ ಆ ಸ್ಪೀಕರ್ ಮ್ಯಾಲ
ಲೈನಿಂಗ್ ಬಟ್ಟಿ, ಹುಕ್ಕಿನ ಡಬ್ಬಿ, ಗಿರಾಕಿಗಳ ಅಳತಿ ಚೀಟಿ.
ಎಡಗಡಿದರಾಗ ಒಮ್ಮೆ ಇಲಿ ಮರಿ ಹಾಕಿತ್ತು.

ಜಗದೇವಿ ಅಣ್ಣನ ಮಗಳು, ನಮ್ಮವ್ವನ ಹೆಸರಿನಾಕಿ.
ಆಕಿಗಿ ಗ್ವಾಡಿ ಅಂದ್ರ
ನಾಕು ಗೆರಿ ಸಿಗ್ನಲ್ ಮೂರಾಗೋದು, ಅಷ್ಟೇ.
ಪಾಲಿಟೆಕ್ನಿಕ್ಕಿನಿಂದ ಬಂದಾಕಿ ಹೊಸ್ತಿಲದಾಗೇ ಕೇಳಿದಳು:
"ಕಾಕಾ, ಪರದಿ ಒಡೆದ ಲ್ಯಾಪ್‌ಟಾಪ್ ಇನ್ನೂ ಅದ ಏನು?
ಇರ್ಲಿ, ಇದಕ್ಕ ಕಣ್ಣು ಬ್ಯಾಡ. ಕಿವಿ ಇದ್ದರ ಸಾಕು."

ಆ ಕಡಿ ಕಂಪ್ಯೂಟರಿಗಿ ಒಂದು ನಂಬರ್, ಈ ಕಡಿದಕ್ಕೊಂದು.
"ಹಾಡು ಇಲ್ಲಿಗಿ ಬರಲ್ಲ ಕಾಕಾ, ಅದು ಅಲ್ಲೇ ಇರ್ತದ.
ಹರಿವು ಅಷ್ಟೇ ಬರ್ತದ. ನೌಬಾದದ ಸುರಂಗಬಾವಿ ನೋಡೀರಿಲ್ಲ?"
ನೋಡೀನಿ. ಕಿಂಡಿಯಾಗ ಬಗ್ಗಿದರ
ತಂಪು ಮಾರಿಗಿ ಬಡೀತದ, ನೀರು ಕಾಣಲ್ಲ.

ಮೊದಲು ಕರ್ ಅಂತು. ಆಮ್ಯಾಲ ಸೊಯ್ ಅಂತು.
ಆಮ್ಯಾಲ ಏಕತಾರಿ, ಅದರ ಹಿಂದ
ಅಪ್ಪ ಗಂಟಲು ಸರಿ ಮಾಡಿಕೊಂಡ.
ಹಾಡಿಲ್ಲ ಇನ್ನೂ. ಬೈಲತ್ತಾನ:
"ಧೂಳಾ, ತಬಲಾ ಬಿಗಿ ಮಾಡೋ.
ಝರೆಪ್ಪಾ, ತಾಳ ಓಡಸಬ್ಯಾಡ."
ನಾನು ಎದ್ದು ಹೋಗಿ
ಇಸ್ತ್ರಿ ಪೆಟಗಿ ಸುಮ್ಮನೆ ಈ ಕಡಿಂದ ಆ ಕಡಿ ಇಟ್ಟೆ.

ಊಟಕ್ಕ ಕರೆದರು ಅಂತ ಹುಡುಗಿ ಓಡಿದಳು,
ಹೋಗಾಗ ಏನೋ ತಪ್ಪಿ ಒತ್ತಿದಳು.
ಹಾಡು ನಿಂತಿತು, ಹರಿವು ನಿಲ್ಲಲಿಲ್ಲ.
ಸ್ಪೀಕರಿನಾಗ ಸೌಟು ಬಿತ್ತು.
ನಮ್ಮ ವೈನಿ ಕುಕ್ಕರಿಗಿ ಏನೋ ಅಂದಳು.
ಅಣ್ಣ ಕೆಮ್ಮಿದ: ಮೊದಲು ಗ್ವಾಡಿ ಮ್ಯಾಲಿಂದ, ಸಣ್ಣಗ;
ಎರಡು ಸೆಕೆಂಡ್ ಬಿಟ್ಟು ಅಪ್ಪನ ಸ್ಪೀಕರಿನಿಂದ, ದೊಡ್ಡದಾಗಿ.
ಅಪ್ಪನ ಕೆಮ್ಮೇ.

ಬಂದ್ ಮಾಡಾಕ ನನಗ ಬರಲ್ಲ.
ಬಂದಿದ್ದರೂ ಮಾಡ್ತಿದ್ದಿಲ್ಲೋ ಏನೋ.
ಮಷೀನಿಗಿ ಕುಂತೆ, ಕಾಲು ಒತ್ತಿದೆ, ತಡೆದೆ.
ನಾ ತಡೆದ ಮ್ಯಾಲೂ
ಸ್ಪೀಕರಿನಾಗ ಯಾರೋ ಹೊಲಿಯಲತ್ತಿದ್ದರು.
ಟಕಟಕ ಟಕಟಕ, ಅಮ್ಯಾಲ ನಿಂತರು.
ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆ ಅವರೂ.

ನನ್ನ ಮಷೀನು. ಗ್ವಾಡಿ ಹತ್ತಿ ಅಣ್ಣನ ಕೋಣಿಗಿ ಹೋಗಿ
ಎರಡು ಸೆಕೆಂಡ್ ಅಲ್ಲಿ ಕುಂತು ತಿರುಗಿ ಬಂದದ್ದು.
ಅಂದ್ರ ಇಷ್ಟು ವರ್ಷ ಅವಗ ಇದು ಕೇಳ್ಯಾದ.
ಲಗ್ಗಣದ ಹಂಗಾಮಿನಾಗ ರಾತ್ರಿ ಎರಡರ ತನಕ ಕುಂತದ್ದು,
ಬೆಲ್ಟ್ ಹರಿದದ್ದು,
ಕಸ್ತೂರಬಾಯಿಗಿ ದವಾಖಾನಿಗಿ ಹಾಕಿದ ನಾಕು ದಿನ
ಏನೂ ಕೇಳದೇ ಇದ್ದದ್ದು.
ಆ ನಾಕೂ ದಿನ ನಮ್ಮ ಕಟ್ಟಿ ಮ್ಯಾಲ
ಬಿಳಿ ಅರಬಿಯಾಗ ಕಟ್ಟಿದ ಖಡಕ್ ರೊಟ್ಟಿ ಇರ್ತಿದ್ದವು.
ಎದುರು ಮನಿಯವರು ಅಂತ ತಿಳಿದು
ಅವರ ಮಗಳ ಬ್ಲೌಸಿಗಿ ರೊಕ್ಕ ತಗೊಂಡಿದ್ದಿಲ್ಲ ನಾನು.

ಮುಂಜಾನಿ ಜಗದೇವಿ ಹಣಿ ಬಡಕೊಂಡಳು:
"ಯವ್ವಾ, ರಾತ್ರಿ ಪೂರಾ ಮೈಕ್ ಚಾಲೂ ಅದ!
ಮತ್ತ ದನಿನೂ ತಡ ಆಗಿ ಬರ್ಲತ್ತದ.
ಬಫರ್ ಕಮ್ಮಿ ಮಾಡ್ಲಿ ಕಾಕಾ? ಕೂಡೇ ಬರ್ತದ."

ಬ್ಯಾಡ, ಅಂದೆ.
ಓಡಸಬ್ಯಾಡ.

ಆಕಿ ಹೋದ ಮ್ಯಾಲ ಕಾಲು ಒತ್ತಿ, ತಡೆದು,
ಒಂದು, ಎರಡು ಎಣಿಸಿದೆ.
ಆ ಕಡಿಂದ ಕುರ್ಚಿ ಸರಿದ ಸಪ್ಪಳ.